ನೆತ್ತಿಯಿಂದ ಕೆಳಕ್ಕೆ

ಹೊಸದುರ್ಗ ತಾಲ್ಲೂಕಿನ ನಮ್ಮ ತೆಂಗಿನ ತೋಟ ಗುಡ್ಡದ ಬುಡದಲ್ಲಿದೆ. ನೆತ್ತಿಯಿಂದ ಆಚೆ ಬಿದ್ದ ಮಳೆ ಪಕ್ಕದೂರಿನ ಕೆರೆಗೆ, ಈಚೆ ಬಿದ್ದದ್ದು ನಮ್ಮ ಹಳ್ಳಕ್ಕೆ. ಈಚಿನ ಆ ಇಡೀ ಇಳಿಜಾರೇ ನಮ್ಮ ಜಲಾನಯನ. ಹಳ್ಳ ವೇದಾವತಿ ಸೇರುತ್ತದೆ, ವೇದಾವತಿ ಹಿರಿಯೂರಿನ ಮಾರಿಕಣಿವೆ ಸೇರುತ್ತದೆ. ಅಲ್ಲಿನ ವಾಣಿವಿಲಾಸ ಸಾಗರ ಜಲಾಶಯ 1933ರಲ್ಲಿ ಕೋಡಿ ಹರಿದ ಮೇಲೆ ಮತ್ತೆ ಹರಿದದ್ದು 2022ರಲ್ಲಿ, ಅದೂ ಭದ್ರೆಯ ನೀರು ಬರತೊಡಗಿದ ಮೇಲೆ. ಮಧ್ಯೆ 89 ವರ್ಷ!

ನೆತ್ತಿಯ ನೀರು ಕೆಳಕ್ಕಿಳಿಯುವ ಲೆಕ್ಕ ಚಿತ್ರದುರ್ಗದ ಕೋಟೆ ಕಟ್ಟಿದವರಿಗೆ ಗೊತ್ತಿತ್ತು. ಬಂಡೆಗಳ ಮೇಲಿನ ಮಳೆ ಗೋಪಾಲಸ್ವಾಮಿ ಹೊಂಡ ತುಂಬಿ, ಅಕ್ಕತಂಗಿ ಹೊಂಡಕ್ಕಿಳಿದು, ಸಿಹಿನೀರು ಹೊಂಡ ದಾಟಿ ಪೇಟೆಯ ಸಂತೆ ಹೊಂಡ ಮುಟ್ಟುತ್ತಿತ್ತು.

2001ರಲ್ಲಿ ಶುರುವಾದ ಸುಜಲ ಜಲಾನಯನ ಯೋಜನೆಗೆ ಆಯ್ಕೆಯಾದ ಐದು ಜಿಲ್ಲೆಗಳಲ್ಲಿ ನಮ್ಮ ಚಿತ್ರದುರ್ಗವೂ ಒಂದು. ಅದರ ಕ್ರಮ ನನಗೆ ಇಂದಿಗೂ ಸರಿ ಅನಿಸುತ್ತದೆ: ಕೆಲಸ ನೆತ್ತಿಯಿಂದ ಕೆಳಕ್ಕೆ. ಮೊದಲು ಗುಡ್ಡದಲ್ಲಿ ಗಿಡ, ಆಮೇಲೆ ಹೊಲಗಳಲ್ಲಿ ಬದು, ಕೃಷಿಹೊಂಡ, ಕೊನೆಗೆ ಹಳ್ಳದಲ್ಲಿ ಚೆಕ್‌ಡ್ಯಾಂ. ಮೇಲಿನ ಹೊಲದವನು ಬದು ಒಡೆದರೆ ಕೆಳಗಿನ ಚೆಕ್‌ಡ್ಯಾಂ ಹೂಳಿನಿಂದ ತುಂಬುತ್ತದೆ. ಹಾಗಾಗಿಯೇ ಒಬ್ಬನ ತೋಟದಲ್ಲಿ ಈ ಕೆಲಸ ಮುಗಿಯದು, ಊರೇ ಕೂತು ತೀರ್ಮಾನಿಸಬೇಕು. ಗುಡ್ಡದಲ್ಲಿ ಕುರಿ ಮೇಯಿಸುವವರನ್ನು ಬಿಟ್ಟು ಮಾಡಿದ ತೀರ್ಮಾನ ಅಲ್ಲಿ ನಿಲ್ಲುವುದಿಲ್ಲ.

ಹೊಳಲ್ಕೆರೆಯ ಅಡಿಕೆ ಬೆಳೆಗಾರರಿಗೂ ನಾನು ಹೇಳುವುದಿಷ್ಟು: ಇನ್ನೊಂದು ಬೋರ್‌ವೆಲ್ ಕೊರೆಸುವ ಮುಂಚೆ ಮೇಲಿನ ಗುಡ್ಡ ಹತ್ತಿ, ನೀರು ಎಲ್ಲಿಂದ ಜಾರಿ ಹೋಗುತ್ತಿದೆ ನೋಡಿ. ಚೆಕ್‌ಡ್ಯಾಂ ಹೂಳು ತೆಗೆಯುವ ಕೆಲಸವನ್ನು ಉದ್ಯೋಗ ಖಾತರಿಯಲ್ಲಿ ಸೇರಿಸಲು ಗ್ರಾಮಸಭೆಯಲ್ಲೇ ಕೇಳಿ, ಮುಂಗಾರಿಗೆ ಮೊದಲೇ.