ಒಂದೇ ಹೆಬ್ಬಾಗಿಲು, ಹತ್ತಾರು ಸ್ಕೀಮಾ

2012ರಲ್ಲಿ ಫೇಸ್‌ಬುಕ್ ತನ್ನ ಐಫೋನ್ ಆ್ಯಪನ್ನು ಹೊಸದಾಗಿ ಕಟ್ಟಲು ಹೊರಟಾಗ ನ್ಯೂಸ್ ಫೀಡೇ ತಲೆನೋವಾಯಿತು. ಒಂದು ಪೋಸ್ಟ್ ತೋರಿಸಬೇಕಾದರೆ ಬರೆದವರ ಹೆಸರು, ಫೋಟೊ, ಲೈಕು, ಕಾಮೆಂಟು ಎಂದು ಹತ್ತು ಕಡೆಯಿಂದ ಮಾಹಿತಿ ಹೆಕ್ಕಬೇಕು, ಅದೂ ಮೊಬೈಲ್ ನೆಟ್‌ವರ್ಕಿನ ಮೇಲೆ. ಲೀ ಬೈರನ್, ನಿಕ್ ಶ್ರಾಕ್, ಡ್ಯಾನ್ ಶೇಫರ್ ಸೇರಿ ರೂಪಿಸಿದ ಗ್ರಾಫ್‌ಕ್ಯೂಎಲ್ ಈ ಓಡಾಟ ತಪ್ಪಿಸಿತು. ಬೇಕಾದ್ದನ್ನು ಆ್ಯಪೇ ಪಟ್ಟಿ ಮಾಡಿ ಕೇಳುತ್ತದೆ, ಕೇಳಿದಷ್ಟೇ ಬರುತ್ತದೆ. 2015ರಲ್ಲಿ ಅದು ಓಪನ್ ಸೋರ್ಸ್ ಆಯಿತು.

ಅಲ್ಲಿದ್ದದ್ದು ಒಂದೇ ಕಂಪನಿ, ಒಂದೇ ಸ್ಕೀಮಾ, ಅಂದರೆ ಏನೇನು ಕೇಳಬಹುದೆಂಬ ಒಂದೇ ನಕ್ಷೆ. ಹಲವು ಗಿರಾಕಿಗಳ ಪ್ರಾಜೆಕ್ಟ್ ನಡೆಸುವವರ ಪಾಡು ಬೇರೆ. ಒಬ್ಬರದು ಆಸ್ಪತ್ರೆ, ಇನ್ನೊಬ್ಬರದು ಅಡಿಕೆ ಮಂಡಿ. ಟೇಬಲ್‌ಗಳು ಬೇರೆಯಾದರೂ ಲಾಗಿನ್, ಹುಡುಕಾಟ, ಪುಟ ವಿಂಗಡಣೆಯ ಕೋಡೆಲ್ಲ ಅದೇ. ಪ್ರತಿ ಸಲ ಕಾಪಿ ಹೊಡೆದು ಅಂಟಿಸುವುದೇ ಕೆಲಸ. ಇದಕ್ಕೆ ಬೇಸತ್ತವರು ಕಂಡುಕೊಂಡ ದಾರಿ, ವಠಾರದ ಹಾಗೆ ಎಲ್ಲರಿಗೂ ಒಂದೇ ಹೆಬ್ಬಾಗಿಲು. ಮಿಡಲ್‌ವೇರ್ ಅಲ್ಲಿ ನಿಂತು ಟೋಕನ್ ನೋಡುತ್ತದೆ, ಯಾವ ಪ್ರಾಜೆಕ್ಟಿನದೆಂದು ಗುರುತಿಸುತ್ತದೆ, ಅದರ ಸ್ಕೀಮಾವನ್ನು ಆಗಲೇ ಕಟ್ಟಿ ಕೊಡುತ್ತದೆ.

ಕಟ್ಟುವುದು ಅಂಥ ಕಷ್ಟವೇನಲ್ಲ. ಡೇಟಾಬೇಸಿಗೆ ತನ್ನ ಟೇಬಲ್ಲು, ಕಾಲಮ್ಮುಗಳ ವಿವರ ಗೊತ್ತೇ ಇರುತ್ತದೆ. ಟೇಬಲ್ಲನ್ನು ಟೈಪ್ ಮಾಡಿ, ಫಾರಿನ್ ಕೀಯನ್ನು ಸಂಬಂಧ ಮಾಡಿದರೆ ಮುಕ್ಕಾಲು ಪಾಲು ಮುಗಿಯಿತು. ಬೆಂಗಳೂರಿನಲ್ಲಿ ಬೇರೂರಿದ ಹಸುರಾ ಕಂಪನಿ 2018ರಲ್ಲಿ ಓಪನ್ ಸೋರ್ಸ್ ಮಾಡಿದ ಎಂಜಿನ್ ಪೋಸ್ಟ್‌ಗ್ರೆಸ್ ಮೇಲೆ ಇದನ್ನೇ ಮಾಡುತ್ತಿತ್ತು. ನೋಡ್‌ನಲ್ಲೇ ಬರೆಯುವವರಿಗೆ ಗ್ರಾಫ್‌ಕ್ಯೂಎಲ್ ಯೋಗ ಎಂಬ ಸರ್ವರ್ ಇದೆ. ಅದಕ್ಕೆ ಸಿದ್ಧ ಸ್ಕೀಮಾದ ಬದಲು ಒಂದು ಫಂಕ್ಷನ್ ಕೊಟ್ಟರೂ ನಡೆಯುತ್ತದೆ.

ಕಷ್ಟವಿರುವುದು ಕಟ್ಟಿದ್ದನ್ನು ಯಾವಾಗ ಬಿಸಾಡಬೇಕು ಎಂಬಲ್ಲಿ. ಪ್ರತಿ ರಿಕ್ವೆಸ್ಟಿಗೂ ಹೊಸದಾಗಿ ಕಟ್ಟಿದರೆ ಸಿಪಿಯು ಏದುಸಿರು ಬಿಡುತ್ತದೆ, ಹಾಗಾಗಿ ಕ್ಯಾಶ್ ಬೇಕು. ಆದರೆ ಮಂಡಿಯವರು ಮಧ್ಯಾಹ್ನ ಒಂದು ಕಾಲಮ್ ಸೇರಿಸಿದರೆನ್ನಿ. ನಾಲ್ಕು ಪ್ರೋಸೆಸ್‌ಗಳು ಓಡುತ್ತಿದ್ದರೆ ಸುದ್ದಿ ನಾಲ್ಕಕ್ಕೂ ಮುಟ್ಟಬೇಕು. ಒಂದಕ್ಕೆ ಮುಟ್ಟದಿದ್ದರೂ ಅದೇ ಕ್ವೆರಿ ಮೂರು ಸಲ ಸರಿಯಾಗಿ ಓಡಿ ನಾಲ್ಕನೇ ಸಲ ‘ಅಂಥ ಫೀಲ್ಡೇ ಇಲ್ಲ’ ಎನ್ನುತ್ತದೆ. ಸ್ಕೀಮಾಕ್ಕೊಂದು ಆವೃತ್ತಿ ಸಂಖ್ಯೆ ಕೊಟ್ಟು, ಪ್ರಾಜೆಕ್ಟಿನ ಐಡಿ ಜೊತೆಗೆ ಅದನ್ನೂ ಕ್ಯಾಶಿನ ಕೀಗೆ ಸೇರಿಸುವುದು ನನಗೆ ಕಂಡ ಮಟ್ಟಿಗೆ ನೆಮ್ಮದಿಯ ದಾರಿ.

ಇದಕ್ಕಿಂತ ಅಪಾಯಕಾರಿಯಾದದ್ದು ಕ್ವೆರಿಗಳನ್ನು ಒಟ್ಟುಗೂಡಿಸುವ ಡೇಟಾಲೋಡರ್. 50 ಆರ್ಡರ್‌ಗಳ ಪಟ್ಟಿ ಕೇಳಿ, ಒಂದೊಂದಕ್ಕೂ ಗಿರಾಕಿಯ ಹೆಸರು ಬೇಕೆಂದರೆ ಅಮಾಯಕ ಕೋಡ್ ಡೇಟಾಬೇಸನ್ನು 51 ಸಲ ಕೇಳುತ್ತದೆ. ಡೇಟಾಲೋಡರ್ ಅದನ್ನು ಎರಡಕ್ಕೆ ಇಳಿಸುತ್ತದೆ. ಆದರೆ ಅದಕ್ಕೆ ನೆನಪಿನ ಶಕ್ತಿಯೂ ಇದೆ. ಸರ್ವರ್ ಏಳುವಾಗ ಒಂದೇ ಒಂದು ಲೋಡರ್ ಮಾಡಿಟ್ಟುಕೊಂಡರೆ, ಮಂಡಿಯ 7ನೇ ಗಿರಾಕಿಯನ್ನು ಕೇಳಿದಾಗ ಆಸ್ಪತ್ರೆಯ 7ನೇ ರೋಗಿ ಬಂದು ನಿಲ್ಲಬಹುದು. ಎರರ್ ಇಲ್ಲ, ಲಾಗ್‌ನಲ್ಲಿ ಸುಳಿವಿಲ್ಲ. ಆದ್ದರಿಂದಲೇ ರಿಕ್ವೆಸ್ಟಿಗೊಂದು ಹೊಸ ಲೋಡರ್ ಎಂಬ ನಿಯಮ. ಟೆಸ್ಟುಗಳನ್ನೂ ಬೇಕೆಂದೇ ಎರಡು ಪ್ರಾಜೆಕ್ಟಿನ ದಾಖಲೆಗಳಿಗೆ ಒಂದೇ ಐಡಿ ಕೊಟ್ಟು ಬರೆಯಬೇಕು.

ಇನ್ನು ಒಬ್ಬರ ಆಳವಾದ ಕ್ವೆರಿ ಉಳಿದವರನ್ನೂ ನಿಧಾನಿಸುವ ಕಾಟ. ಗಿಟ್‌ಹಬ್ ಕ್ವೆರಿಗೆ ಅಂಕ ಹಾಕಿ, ಸಾಮಾನ್ಯ ಬಳಕೆದಾರರಿಗೆ ಗಂಟೆಗೆ 5,000 ಅಂಕದ ಮಿತಿ ಇಟ್ಟಿದೆ. ನಮ್ಮ ಸಣ್ಣ ಸರ್ವರಿಗೂ ಅಂಥದೊಂದು ಮಿತಿ ಬೇಕು, ಅದೂ ಪ್ರಾಜೆಕ್ಟುವಾರು. ಅದಕ್ಕೂ ಬಗ್ಗದಷ್ಟು ಬೆಳೆದ ಗಿರಾಕಿಗೆ ಬೇರೆ ಸರ್ವರ್ ಹಾಕಿಕೊಟ್ಟು, ಬಿಲ್ಲನ್ನೂ ಬೇರೆಯೇ ಕಳಿಸುವುದು ವಾಸಿ.