ಗೋಡೆಯ ಪ್ಲಗ್‌ನಿಂದ ಶುರುವಾದ ಗೇಮಿಂಗ್ ಪಿಸಿ

ನಮ್ಮ ಮನೆಯ ಹಳೆಯ ಕಂಪ್ಯೂಟರ್ ಸತ್ತಿದ್ದು ತೋಟಕ್ಕೆ ತ್ರೀ ಫೇಸ್ ಕರೆಂಟು ಬಂದ ಒಂದು ರಾತ್ರಿ. ಸಂತೇಬೆನ್ನೂರಿನಿಂದ ತುಸು ಹೊರಗೆ, ಅಡಿಕೆ ತೋಟದ ಅಂಚಿನಲ್ಲಿ ನಮ್ಮ ಮನೆ. ಸುತ್ತಲಿನ ಬೋರ್‌ವೆಲ್‌ಗಳಿಗೂ ನಮ್ಮ ಮನೆಗೂ ಒಂದೇ ಟಿಸಿ. ಎಲ್ಲರ ಮೋಟರಿಗೂ ಆಟೋ ಸ್ಟಾರ್ಟರ್ ಇರುವುದರಿಂದ ಕರೆಂಟು ಬಂದ ತಕ್ಷಣ ಎಲ್ಲವೂ ಒಟ್ಟಿಗೇ ಶುರುವಾಗುತ್ತವೆ. ಅವತ್ತೂ ಹಾಗೇ ಆಯಿತು. ಬಲ್ಬು ಮಂಕಾಯಿತು, ಮರುಗಳಿಗೆ ಕಣ್ಣು ಕುಕ್ಕುವಷ್ಟು ಬೆಳಗಿತು. ಮೇಜಿನ ಕೆಳಗಿದ್ದ ಸಿಪಿಯುನಿಂದ ‘ಟಪ್’ ಎಂದು ಸದ್ದು, ಹಿಂದೆಯೇ ಸುಟ್ಟ ವಾಸನೆ. ಪಡಸಾಲೆಯಿಂದ ಅಪ್ಪ ಕೇಳಿದರು: ‘ಹೋಯ್ತಾ?’

ಹೋಗಿತ್ತು. ರಿಪೇರಿಯವರು ಬಿಚ್ಚಿ ನೋಡಿ, ‘ಎಸ್‌ಎಂಪಿಎಸ್ ಸುಟ್ಟೈತೆ. ಹೋಗೋವಾಗ ಮದರ್‌ಬೋರ್ಡನ್ನೂ ಕರ್ಕೊಂಡು ಹೋಗೈತೆ’ ಎಂದರು. ಗೋಡೆಯಿಂದ ಬರುವ 230 ವೋಲ್ಟ್‌ನ ಎಸಿ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ 12, 5, 3.3 ವೋಲ್ಟ್‌ನ ಡಿಸಿಗೆ ಇಳಿಸುವ ಡಬ್ಬಿಯೇ ಎಸ್‌ಎಂಪಿಎಸ್. ನಮ್ಮದು ಕ್ಯಾಬಿನೆಟ್ ಜೊತೆ ಪುಕ್ಕಟೆ ಬಂದದ್ದು. ಅದರ ಬೆಲೆ ಎಷ್ಟೆಂದು ಆ ದಿನ ಗೊತ್ತಾಯಿತು.

ಬಿಇ ಎರಡನೇ ವರ್ಷದಲ್ಲಿದ್ದ ನನಗೆ ಕಂಪ್ಯೂಟರ್ ಇಲ್ಲದೆ ಆಗುತ್ತಿರಲಿಲ್ಲ. ಅಪ್ಪ ಲ್ಯಾಪ್‌ಟಾಪ್ ಕೊಡಿಸುತ್ತೇನೆ ಎಂದರು. ಹಾಸ್ಟೆಲ್‌ನಲ್ಲಿ ಇರುವವರಿಗೆ, ದಿನವೂ ಹೊತ್ತು ತಿರುಗುವವರಿಗೆ ಲ್ಯಾಪ್‌ಟಾಪೇ ಸರಿ, ಅದರಲ್ಲಿ ಎರಡು ಮಾತಿಲ್ಲ. ನಾನು ಮಾತ್ರ ದಿನಾ ಬಸ್ಸಿನಲ್ಲಿ ದಾವಣಗೆರೆಗೆ ಹೋಗಿ ಸಂಜೆ ಮನೆಗೆ ಬರುವವನು. ಬಿಡಿಭಾಗ ತಂದು ನಾನೇ ಜೋಡಿಸಿದರೆ ಅದೇ ದುಡ್ಡಿಗೆ ಹೆಚ್ಚು ಶಕ್ತಿ ಸಿಗುತ್ತದೆ, ಯಾವುದು ಕೆಟ್ಟರೂ ಅದೊಂದನ್ನೇ ಬದಲಿಸಬಹುದು ಎಂದು ವಾದಿಸಿದೆ. ಗೇಮ್ ಆಡುವ ಆಸೆಯನ್ನೂ ಮುಚ್ಚಿಡಲಿಲ್ಲ. ಅಡಿಕೆ ಮಾರಿದ ದುಡ್ಡಿನಲ್ಲಿ 40 ಸಾವಿರ ಅಪ್ಪ ಕೊಟ್ಟರು. ಸ್ಕಾಲರ್‌ಶಿಪ್‌ನಲ್ಲಿ ಉಳಿಸಿದ್ದ 12 ಸಾವಿರ ನನ್ನದು. ‘ಮತ್ತೆ ಸುಟ್ಟರೆ ನನ್ನನ್ನ ಕೇಳಬ್ಯಾಡ’ ಎಂದಷ್ಟೇ ಹೇಳಿದರು.

ಮೊದಲ ಪಟ್ಟಿ, ಎರಡನೇ ಪಟ್ಟಿ

ವಾರವಿಡೀ ಯೂಟ್ಯೂಬ್ ನೋಡಿ ಮೊದಲ ಪಟ್ಟಿ ಬರೆದೆ. ಅರ್ಧ ದುಡ್ಡು ಗ್ರಾಫಿಕ್ಸ್ ಕಾರ್ಡಿಗೆ, ಬಣ್ಣಬಣ್ಣದ ಲೈಟಿನ ಫ್ಯಾನ್ ಆರು, ಕೊನೆಗೆ ಉಳಿದ 1,500 ರೂಪಾಯಿ ಎಸ್‌ಎಂಪಿಎಸ್‌ಗೆ. ಅಂದರೆ ಮನೆ ಸುಟ್ಟ ಜಾಗದಲ್ಲೇ ಮತ್ತೆ ಹುಲ್ಲಿನ ಗುಡಿಸಲು ಹಾಕಲು ಹೊರಟಿದ್ದೆ. ಆ ಪಟ್ಟಿಯನ್ನು ಹರಿಸಿದ್ದು ನಮ್ಮೂರಿನ ವೈರ್‌ಮನ್ ಮಾಮ.

ಹೊಸ ಪ್ಲಗ್ ಪಾಯಿಂಟ್ ಹಾಕಿಸಲು ಅವರನ್ನು ಕರೆದಿದ್ದೆ. ‘ಹಳೇ ಸಿಪಿಯು ಮುಟ್ಟಿದ್ರೆ ಜುಮ್ ಅಂತಿತ್ತಾ?’ ಎಂದು ಕೇಳಿದರು. ಅನ್ನುತ್ತಿತ್ತು. ಅದು ಮಾಮೂಲಿ ಎಂದುಕೊಂಡಿದ್ದೆವು. ಅವರು ಟೆಸ್ಟ್ ಲ್ಯಾಂಪಿನ ಒಂದು ತುದಿ ಫೇಸ್‌ಗೆ, ಇನ್ನೊಂದು ತುದಿ ಅರ್ಥ್‌ಗೆ ಹಿಡಿದರು. ಬಲ್ಬು ಹತ್ತಲೇ ಇಲ್ಲ. ಗೋಡೆಯಲ್ಲಿ ಮೂರು ತೂತಿನ ಸಾಕೆಟ್ ಇತ್ತು, ಮೂರನೇ ತೂತಿಗೆ ಸಂಪರ್ಕವೇ ಇರಲಿಲ್ಲ.

ಆ ‘ಜುಮ್’ಗೆ ಕಾರಣ ಆಮೇಲೆ ಓದಿ ತಿಳಿದುಕೊಂಡೆ. ಎಸ್‌ಎಂಪಿಎಸ್ ಒಳಗೆ ಕರೆಂಟಿನ ಗದ್ದಲ ಸೋಸಲು ಪುಟ್ಟ ಕೆಪಾಸಿಟರ್‌ಗಳಿರುತ್ತವೆ. ಅವು ಫೇಸ್ ಮತ್ತು ನ್ಯೂಟ್ರಲ್ ಎರಡರಿಂದಲೂ ಲೋಹದ ಡಬ್ಬಿಗೆ ಸೇರಿರುತ್ತವೆ. ಅರ್ಥಿಂಗ್ ಇದ್ದರೆ ಅಲ್ಲಿ ಸೋರುವ ಅಲ್ಪ ಕರೆಂಟು ನೆಲಕ್ಕೆ ಇಳಿದು ಹೋಗುತ್ತದೆ. ಇಲ್ಲದಿದ್ದರೆ ಡಬ್ಬಿಯಲ್ಲೇ ನಿಂತು, ಮುಟ್ಟಿದವರ ಮೈಯಲ್ಲಿ ದಾರಿ ಹುಡುಕುತ್ತದೆ. ನಿಮ್ಮ ಮನೆಯ ಕಂಪ್ಯೂಟರೂ ಹೀಗೆ ಜುಮ್ಮೆನ್ನುತ್ತಿದ್ದರೆ ವೈರ್‌ಮನ್ ಕರೆಸಿ. ಟೆಸ್ಟ್ ಲ್ಯಾಂಪ್ ಹಿಡಿಯುವ ಕೆಲಸ ನೀವು ಮಾಡಬೇಡಿ.

ಅವತ್ತು ರಾತ್ರಿ ಪಟ್ಟಿಯನ್ನು ತಲೆಕೆಳಗಾಗಿ ಬರೆದೆ. ಗೋಡೆಯಿಂದ ಶುರು ಮಾಡಿ ಒಳಗೆ ಬಂದೆ. ಇದ್ದಿಲು, ಉಪ್ಪು ತುಂಬಿದ ಹೊಸ ಅರ್ಥಿಂಗ್ ಗುಂಡಿಗೆ 2,600 ರೂಪಾಯಿ. ಒಂದು ಕೆವಿಎ ಯುಪಿಎಸ್‌ಗೆ 4,900. ಹೆಸರಿರುವ ಕಂಪನಿಯ 550 ವಾಟ್ ಎಸ್‌ಎಂಪಿಎಸ್‌ಗೆ 4,300. ಅದರ ಮೇಲೆ ‘80 ಪ್ಲಸ್ ಬ್ರಾಂಜ್’ ಎಂದಿತ್ತು. ಅರ್ಧ ಲೋಡ್ ಇರುವಾಗ ಗೋಡೆಯಿಂದ ಎಳೆದ ಕರೆಂಟಿನಲ್ಲಿ ಶೇ 85ರಷ್ಟಾದರೂ ಕಂಪ್ಯೂಟರಿಗೆ ತಲುಪುತ್ತದೆ ಎಂದು ಅದರ ಅರ್ಥ. ಆದರೆ ಅದು ದಕ್ಷತೆಯ ಮುದ್ರೆ, ಸುರಕ್ಷತೆಯ ಮುದ್ರೆ ಅಲ್ಲ. ವೋಲ್ಟೇಜ್ ಹೆಚ್ಚಾದರೆ, ಶಾರ್ಟ್ ಆದರೆ, ಲೋಡ್ ಮೀರಿದರೆ ತಾನೇ ಆಫ್ ಆಗುವ ರಕ್ಷಣೆಗಳಿವೆಯೇ, ವಾರಂಟಿ ಎಷ್ಟು ವರ್ಷ ಎಂದು ಬೇರೆಯಾಗಿಯೇ ನೋಡಬೇಕು.

ಮೂರೂ ಸೇರಿ 11,800 ರೂಪಾಯಿ. ಒಂದೇ ಒಂದು ಗೇಮ್ ಓಡಿಸದ ವಸ್ತುಗಳಿಗೆ ಹೆಚ್ಚುಕಮ್ಮಿ ಕಾಲು ಭಾಗ ದುಡ್ಡು! ಪುಷ್ಕರಣಿಯ ಹತ್ತಿರ ಸಂಜೆ ಸೇರುವ ಗೆಳೆಯರು, ‘ಇದು ಗೇಮಿಂಗ್ ಪಿಸಿನಾ, ಪಂಪ್‌ಸೆಟ್ಟಾ?’ ಎಂದು ನಕ್ಕರು.

ಅಡಿಕೆಯ ನಡುವೆ ಬಾಳೆ

ಉಳಿದ ದುಡ್ಡಿನಲ್ಲಿ ಗ್ರಾಫಿಕ್ಸ್ ಕಾರ್ಡ್ ಬರುವಂತಿರಲಿಲ್ಲ. ಆಗ ನೆನಪಾಗಿದ್ದು ತೋಟ. ಅಡಿಕೆ ಸಸಿ ಫಸಲು ಕೊಡಲು ವರ್ಷಗಳು ಬೇಕು. ಅಲ್ಲಿಯವರೆಗೆ ನಡುವೆ ಬಾಳೆ ಹಾಕುತ್ತಾರೆ. ನೆರಳೂ ಆಯಿತು, ಕೈಗೆ ಕಾಸೂ ಬಂತು. ನಾನೂ ಬಾಳೆ ಹುಡುಕಿದೆ. ಎಎಂಡಿ ಕಂಪನಿಯ ರೈಜನ್ 5 5600ಜಿ ಎಂಬ ಪ್ರೊಸೆಸರ್‌ನಲ್ಲಿ ಆರು ಕೋರ್‌ಗಳ ಜೊತೆಗೆ ಗ್ರಾಫಿಕ್ಸ್ ಕೂಡ ಒಳಗೇ ಇರುತ್ತದೆ. ಬೇರೆ ಕಾರ್ಡ್ ಇಲ್ಲದೆಯೂ ಪರದೆ ಬೆಳಗುತ್ತದೆ, ಸಾಧಾರಣ ಗೇಮ್‌ಗಳು ಓಡುತ್ತವೆ. ಅದರ ಅಣ್ಣ 5600ರಲ್ಲಿ ಗ್ರಾಫಿಕ್ಸ್ ಇಲ್ಲ, ಆದರೆ ಎಲ್‌3 ಕ್ಯಾಶ್ 32 ಎಂಬಿ ಇದೆ. 5600ಜಿಯಲ್ಲಿ ಅದು 16 ಎಂಬಿ ಮಾತ್ರ. ‘ಕ್ಯಾಶ್’ ಎಂದರೆ ಪರೀಕ್ಷೆಗೆ ಐದು ಅಂಕದ ಪ್ರಶ್ನೆ ಎಂದಷ್ಟೇ ತಿಳಿದಿದ್ದ ನನಗೆ, ಅದಕ್ಕಾಗಿ ದುಡ್ಡು ತೂಗಿ ನೋಡಬೇಕಾಗಿ ಬಂದಾಗಲೇ ಆ ಪಾಠ ಅರ್ಥವಾದದ್ದು.

ಒಂದು ಆಯ್ಕೆ ಇನ್ನೊಂದನ್ನು ನಿರ್ಧರಿಸುತ್ತದೆ. ಒಳಗಿನ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ, ಅದು ರ‍್ಯಾಮ್ ಅನ್ನೇ ಹಂಚಿಕೊಳ್ಳುತ್ತದೆ. ಹಾಗಾಗಿ 16 ಜಿಬಿಯ ಒಂದು ರ‍್ಯಾಮ್ ಬದಲು 8 ಜಿಬಿಯ ಎರಡು ಕೊಂಡೆ. ಎರಡಿದ್ದರೆ ಡೇಟಾ ಓಡಾಡಲು ಎರಡು ದಾರಿ. ಈ ಪ್ರೊಸೆಸರ್ ಪಿಸಿಐಇ ಮೂರನೇ ತಲೆಮಾರಿನದು. ಅದಕ್ಕೆ ನಾಲ್ಕನೇ ತಲೆಮಾರಿನ ದುಬಾರಿ ಎಸ್‌ಎಸ್‌ಡಿ ಹಾಕಿದರೆ ಅದರ ಪೂರ್ತಿ ವೇಗ ಸಿಗುವುದಿಲ್ಲ, ಅಲ್ಲಿ ಸಾವಿರ ರೂಪಾಯಿ ಉಳಿಯಿತು. ಮುಂದೆ ಕಾರ್ಡ್ ಹಾಕುವ ಯೋಚನೆ ಇದ್ದುದರಿಂದ ಬಿ550 ಮದರ್‌ಬೋರ್ಡ್ ಆರಿಸಿದೆ. ನಮ್ಮ ಕಡೆಯ ಧೂಳಿಗೆಂದು ಮುಂಭಾಗದಲ್ಲಿ ಜಾಲರಿ, ತೆಗೆದು ತೊಳೆಯುವ ಫಿಲ್ಟರ್ ಇರುವ ಕ್ಯಾಬಿನೆಟ್.

ಕಳೆದ ವರ್ಷ ಫೆಬ್ರುವರಿಯಲ್ಲಿ ರಾತ್ರಿ ರೈಲು ಹತ್ತಿ ಬೆಂಗಳೂರಿನ ಎಸ್‌.ಪಿ. ರಸ್ತೆಗೆ ಹೋದೆ. ಸಾದರ ಪತ್ರಪ್ಪ ರಸ್ತೆ ಎಂಬುದು ಅದರ ಪೂರ್ತಿ ಹೆಸರು. ಆನ್‌ಲೈನ್ ದರಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದರಿಂದ ಚೌಕಾಸಿ ಸುಲಭವಾಯಿತು. ಬಿಲ್ ಬೇಡವೆಂದರೆ ಕೆಲವು ನೂರು ಕಡಿಮೆ ಎನ್ನುವವರೂ ಸಿಗುತ್ತಾರೆ. ಒಪ್ಪಬೇಡಿ. ವಸ್ತುವಿನ ಸೀರಿಯಲ್ ನಂಬರ್ ಇರುವ ಜಿಎಸ್‌ಟಿ ಬಿಲ್ಲೇ ನಾಳೆ ನಿಮ್ಮ ವಾರಂಟಿ. ಮಾನಿಟರ್, ಕೀಬೋರ್ಡ್, ಮೌಸ್ ಎಲ್ಲ ಸೇರಿ ಒಟ್ಟು ಖರ್ಚು 50,200. ಉಳಿದಿದ್ದು ರೈಲಿಗೆ, ಊಟಕ್ಕೆ ಸರಿಹೋಯಿತು.

ಕಪ್ಪು ಪರದೆಯ ಮುಂದೆ

ಭಾನುವಾರ ಬೆಳಿಗ್ಗೆ ಮರದ ಮೇಜು ಒರೆಸಿ ಜೋಡಿಸಲು ಕುಳಿತೆ. ಮೈಯಲ್ಲಿರುವ ಸ್ಟ್ಯಾಟಿಕ್ ವಿದ್ಯುತ್ ಚಿಪ್‌ಗಳನ್ನು ಕೊಲ್ಲಬಹುದು, ಹಾಗಾಗಿ ಬರಿಯ ಲೋಹವನ್ನು ಆಗಾಗ ಮುಟ್ಟಿಕೊಳ್ಳುತ್ತಿದ್ದೆ. ಎಲ್ಲಕ್ಕಿಂತ ಹೆದರಿಕೆಯಾಗಿದ್ದು ಪ್ರೊಸೆಸರ್ ಕೂರಿಸುವಾಗ. ಅದರ ಹೊಟ್ಟೆಯಲ್ಲಿ ಕೂದಲಿನಂಥ 1,331 ಪಿನ್‌ಗಳು. ಮೂಲೆಯ ಚಿನ್ನದ ತ್ರಿಕೋನವನ್ನು ಸಾಕೆಟ್ಟಿನ ತ್ರಿಕೋನಕ್ಕೆ ಹೊಂದಿಸಿ ಇಟ್ಟರೆ ತಾನೇ ಇಳಿಯಬೇಕು. ಒತ್ತಿದಿರೋ, ಪಿನ್ ಬಾಗಿತು. ಇಳಿಯಿತು. ಲಿವರ್ ಹಾಕಿ ಉಸಿರು ಬಿಟ್ಟೆ. ರ‍್ಯಾಮ್ ಎರಡನ್ನೂ ಮ್ಯಾನ್ಯುಯಲ್ ಹೇಳಿದಂತೆ ಎರಡನೇ ಮತ್ತು ನಾಲ್ಕನೇ ಸ್ಲಾಟಿಗೆ ಹಾಕಿದೆ. ಕೂಲರ್, ಎಸ್‌ಎಸ್‌ಡಿ, 24 ಪಿನ್ನಿನ ದೊಡ್ಡ ಕೇಬಲ್, ಪ್ರೊಸೆಸರ್‌ಗೆ ಪ್ರತ್ಯೇಕ 8 ಪಿನ್ನಿನದು. ಪವರ್ ಬಟನ್ನಿನ ಎಳ್ಳಿನಷ್ಟು ವೈರುಗಳನ್ನು ಜೋಡಿಸಲು ತಂಗಿ ಟಾರ್ಚ್ ಹಿಡಿದಳು.

ಸಂಜೆ ನಾಲ್ಕಕ್ಕೆ ಬಟನ್ ಒತ್ತಿದೆ. ಫ್ಯಾನ್ ತಿರುಗಿದವು. ಪರದೆ ಕಪ್ಪು. ಆಫ್ ಮಾಡಿ ಮತ್ತೆ ಒತ್ತಿದೆ. ಕಪ್ಪು. ಕೈ ಬೆವರಿತು. 50 ಸಾವಿರ ಕಣ್ಣ ಮುಂದೆ ಬಂತು. ಗಾಬರಿಯಲ್ಲಿ ಎಲ್ಲವನ್ನೂ ಕಿತ್ತು ಮೊದಲಿನಿಂದ ಜೋಡಿಸೋಣ ಎಂದು ಸ್ಕ್ರೂಡ್ರೈವರ್ ತೆಗೆದುಕೊಂಡಾಗ ಬಾಗಿಲಲ್ಲಿ ನಿಂತಿದ್ದ ಅಪ್ಪ, ‘ತಡಿಯಪ್ಪ’ ಎಂದರು. ‘ಮೋಟ್ರು ಎತ್ತಲಿಲ್ಲ ಅಂದ್ರೆ ನಾವು ಏನ್ ಮಾಡ್ತೀವಿ? ಫ್ಯೂಸ್ ನೋಡ್ತೀವಿ, ಆಮೇಲೆ ಸ್ಟಾರ್ಟರ್, ಆಮೇಲೆ ಕೇಬಲ್. ಒಂದೊಂದೇ. ಎಲ್ಲಾ ಒಟ್ಟಿಗೆ ಕಿತ್ರೆ ತಪ್ಪು ಎಲ್ಲಿತ್ತು ಅಂತಾನೇ ಗೊತ್ತಾಗಲ್ಲ.’

ಅಪ್ಪ ಓದಿದ್ದು ಏಳನೇ ಕ್ಲಾಸು. ಡಿಬಗ್ಗಿಂಗ್ ಬಗ್ಗೆ ಇಷ್ಟು ಚೆನ್ನಾಗಿ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಪ್ಲಗ್ ತೆಗೆದು, ಹಾಕಿ, ಈ ಸಲ ಪರದೆಯ ಬದಲು ಬೋರ್ಡನ್ನು ನೋಡಿದೆ. ಮೂಲೆಯಲ್ಲಿ ನಾಲ್ಕು ಸಣ್ಣ ದೀಪಗಳಿದ್ದವು. ಅವುಗಳಲ್ಲಿ ಒಂದು ಉರಿಯುತ್ತಿತ್ತು. ಪಕ್ಕದಲ್ಲಿ ‘ಡಿರ‍್ಯಾಮ್’ ಎಂದು ಬರೆದಿತ್ತು. ತೊಂದರೆ ಎಲ್ಲಿದೆ ಎಂದು ಬೋರ್ಡ್ ಅಷ್ಟು ಹೊತ್ತಿನಿಂದ ಹೇಳುತ್ತಲೇ ಇತ್ತು. ಕರೆಂಟು ತೆಗೆದು ರ‍್ಯಾಮ್‌ಗಳನ್ನು ಬಿಚ್ಚಿ ಮತ್ತೆ ಕೂರಿಸಿದೆ. ಮುರಿದೀತೆಂಬ ಹೆದರಿಕೆಯಲ್ಲಿ ಎರಡನೆಯದನ್ನು ಪೂರ್ತಿ ಒತ್ತಿರಲಿಲ್ಲ. ಈ ಬಾರಿ ‘ಟಕ್’ ಎಂದಿತು. ಪರದೆ ಬೆಳಗಿತು. ಅಮ್ಮ ತಂದಿಟ್ಟಿದ್ದ ಮಂಡಕ್ಕಿ ಮೆತ್ತಗಾಗಿತ್ತು, ಆದರೂ ಮೆಣಸಿನಕಾಯಿ ಜೊತೆ ಎಲ್ಲರೂ ಅಲ್ಲೇ ಕುಳಿತು ತಿಂದೆವು.

ಪರದೆ ಬೆಳಗಿದರೆ ಕೆಲಸ ಮುಗಿಯಲಿಲ್ಲ. 3200 ಎಂದು ಕೊಂಡ ರ‍್ಯಾಮ್ 2400ರ ವೇಗದಲ್ಲಿ ಓಡುತ್ತಿತ್ತು. ಬಯೋಸ್‌ಗೆ ಹೋಗಿ ಎಕ್ಸ್‌ಎಂಪಿ ಆನ್ ಮಾಡಬೇಕು. 100 ಹರ್ಟ್ಸ್‌ನ ಮಾನಿಟರ್ 60ರಲ್ಲೇ ಇತ್ತು. ವಿಂಡೋಸ್ ಸೆಟ್ಟಿಂಗ್‌ನಲ್ಲಿ ಬದಲಿಸಬೇಕು. ದುಡ್ಡು ಕೊಟ್ಟ ವೇಗವನ್ನು ಕೇಳಿ ಪಡೆಯದೆ ವರ್ಷಗಟ್ಟಲೆ ಹಾಗೇ ಬಳಸುವವರು ನನ್ನ ಗೆಳೆಯರಲ್ಲೇ ಇದ್ದರು.

ಎಂಟು ತಿಂಗಳು ಬಾಳೆಯ ಫಸಲು ಉಂಡೆ. ವ್ಯಾಲೊರೆಂಟ್ ಚೆನ್ನಾಗಿಯೇ ಓಡಿತು, ಜಿಟಿಎ 5 ಸೆಟ್ಟಿಂಗ್ ಇಳಿಸಿದರೆ ಓಡಿತು. ಅಷ್ಟರಲ್ಲಿ ಊರಿನ ಒಂದು ಫೋಟೊ ಸ್ಟುಡಿಯೊ ಸೇರಿ ನಾಲ್ಕು ಕಡೆ ಪಿಸಿ ಜೋಡಿಸಿಕೊಟ್ಟೆ. ಆ ದುಡ್ಡಿಗೆ ಒಂದಿಷ್ಟು ಸೇರಿಸಿ ಸೀನಿಯರ್ ಒಬ್ಬರಿಂದ ಬಳಸಿದ ಆರ್‌ಎಕ್ಸ್ 6600 ಕಾರ್ಡ್ ಕೊಂಡೆ. ಹಳೆಯ ಕಾರ್ಡ್ ಕೊಳ್ಳುವಾಗ ಎಚ್ಚರ ಬೇಕು. 2022ರ ಸೆಪ್ಟೆಂಬರ್‌ನಲ್ಲಿ ಎಥೀರಿಯಂ ಕರೆನ್ಸಿಯ ಪದ್ಧತಿ ಬದಲಾಗಿ ಗ್ರಾಫಿಕ್ಸ್ ಕಾರ್ಡ್‌ನಿಂದ ಅದರ ಮೈನಿಂಗ್ ನಿಂತಿತು. ಹಗಲೂ ರಾತ್ರಿ ದುಡಿದ ಕಾರ್ಡ್‌ಗಳು ಮಾರುಕಟ್ಟೆಗೆ ಬಂದವು. ಅರ್ಧ ಗಂಟೆ ಕಣ್ಣ ಮುಂದೆ ಗೇಮ್ ಓಡಿಸಿ, ಬಿಸಿ ಎಷ್ಟು, ಫ್ಯಾನ್ ಸದ್ದು ಹೇಗಿದೆ, ಬಿಲ್ ಇದೆಯೇ ಎಂದು ನೋಡಿಯೇ ನಾನು ದುಡ್ಡು ಕೊಟ್ಟದ್ದು. ಕಾರ್ಡ್ ಎಳೆಯುವುದು 132 ವಾಟ್. ಎಸ್‌ಎಂಪಿಎಸ್ ಬದಲಿಸಬೇಕಾಗಲಿಲ್ಲ, ಯುಪಿಎಸ್ ಕೂಡ. ನಕ್ಕಿದ್ದ ಗೆಳೆಯರಲ್ಲಿ ಒಬ್ಬ ಈಗ ತನ್ನ ಮನೆಯ ಅರ್ಥಿಂಗ್ ನೋಡಲು ಮಾಮನನ್ನು ಕರೆಸಿದ್ದಾನೆ.

ನನ್ನ ದರಗಳನ್ನು ಮಾತ್ರ ಹಾಗೇ ನಂಬಬೇಡಿ. ಕಂಪ್ಯೂಟರ್ ಬಿಡಿಭಾಗದ ದರವೂ ಅಡಿಕೆ ಧಾರಣೆಯ ಹಾಗೆಯೇ. ಮೆಮೊರಿ ತಯಾರಿಸುವ ಕಂಪನಿಗಳು ಎಐ ಡೇಟಾ ಸೆಂಟರ್‌ಗಳ ಕಡೆ ವಾಲಿದ್ದರಿಂದ 2025ರ ಕೊನೆಗೆ ರ‍್ಯಾಮ್ ಬೆಲೆ ವಿಪರೀತ ಏರಿತು. ನಾನು 3,300ಕ್ಕೆ ತಂದ ರ‍್ಯಾಮ್‌ಗೆ ಗೆಳೆಯ ಎರಡು ಪಟ್ಟಿಗೂ ಹೆಚ್ಚು ಕೊಟ್ಟ. ದರ ಬದಲಾಗುತ್ತದೆ, ಕೊಳ್ಳುವ ಕ್ರಮ ಬದಲಾಗಬೇಕಿಲ್ಲ. ಮೊದಲು ಗೋಡೆ, ಆಮೇಲೆ ಎಸ್‌ಎಂಪಿಎಸ್, ಆಮೇಲೆ ನಿಮ್ಮ ಕೆಲಸಕ್ಕೆ ಬೇಕಾದ ಪ್ರೊಸೆಸರ್. ಲೈಟಿನ ಫ್ಯಾನ್ ಕೊನೆಗೆ, ದುಡ್ಡು ಉಳಿದರೆ.

ಮೊನ್ನೆ ರಾತ್ರಿ ತಂಗಿ ಪ್ರಾಜೆಕ್ಟ್ ಟೈಪ್ ಮಾಡುತ್ತಿದ್ದಳು. ತೋಟಕ್ಕೆ ತ್ರೀ ಫೇಸ್ ಬಂತು. ಮೋಟರುಗಳು ಒಟ್ಟಿಗೆ ಎದ್ದವು. ಬಲ್ಬು ಮಂಕಾಗಿ, ಮತ್ತೆ ಕಣ್ಣು ಕುಕ್ಕಿತು. ಮೇಜಿನ ಕೆಳಗೆ ಯುಪಿಎಸ್ ‘ಟಿಕ್’ ಎಂದಿತು.

‘ಹೋಯ್ತಾ?’ ಎಂದು ಪಡಸಾಲೆಯಿಂದ ಅಪ್ಪ ಕೇಳಿದರು.

‘ಇಲ್ಲಪ್ಪ, ಐತೆ’ ಎಂದಳು ತಂಗಿ, ಟೈಪ್ ಮಾಡುವುದನ್ನು ನಿಲ್ಲಿಸದೆ.

– ಬಿಇ ವಿದ್ಯಾರ್ಥಿ, ಸಂತೇಬೆನ್ನೂರು