ಚಾಂಪಿಯನ್ ರೀಫ್ಸ್: ಗಣಿ ಮುಚ್ಚಿತು, ದೂಳು ನಿಂತಿಲ್ಲ

ಬಂಗಾರಪೇಟೆಯಿಂದ ಮಾರಿಕುಪ್ಪಂ ರೈಲು ಹತ್ತಿದರೆ ಕೋರಮಂಡಲ, ಉರಿಗಾಂ ದಾಟಿದ ಮೇಲೆ ಸಿಗುವುದು ಕೆಜಿಎಫ್ ಚಿನ್ನದ ಗಣಿಯೂರಿನ ಚಾಂಪಿಯನ್ ನಿಲ್ದಾಣ. ಇಳಿದು ನಾಲ್ಕು ಹೆಜ್ಜೆ ಹಾಕಿದರೆ ಬೂದು ಬಣ್ಣದ ಗುಡ್ಡಗಳು. ಅದಿರನ್ನು ಅರೆದು, ಸೈನೈಡ್ ನೀರಿನಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಉಳಿದ ಮಣ್ಣೇ ವರ್ಷಗಟ್ಟಲೆ ಬಿದ್ದು ಹೀಗೆ ಬೆಳೆದಿದೆ. ಊರವರ ಬಾಯಲ್ಲಿ ಅದು ಸೈನೈಡ್ ಗುಡ್ಡ. ಒಂದು ಹಿಡಿ ಎತ್ತಿಕೊಂಡೆ. ರಾಗಿ ಹಿಟ್ಟಿಗಿಂತ ನುಣುಪು, ಬೆರಳ ಸಂದಿಯಲ್ಲೇ ಸೋರಿಹೋಯಿತು.

1880ರಲ್ಲಿ ಚಿನ್ನ ತೆಗೆಯಲು ಬ್ರಿಟಿಷರ ಜಾನ್ ಟೇಲರ್ ಕಂಪನಿ ಇಲ್ಲಿಗೆ ಕಾಲಿಟ್ಟಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ ಬಂತು. 1956ರಲ್ಲಿ ಗಣಿಗಳು ಮೈಸೂರು ಸರ್ಕಾರದ ಕೈಗೆ, ಆಮೇಲೆ ಕೇಂದ್ರಕ್ಕೆ ಹೋದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ (ಬಿಜಿಎಂಎಲ್) ಆಯಿತು. 2001ರ ಫೆಬ್ರುವರಿ 28ರಂದು ಬೀಗ ಬಿತ್ತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳ. ತಳದಲ್ಲಿ ಬಂಡೆಯ ಬಿಸಿ 60 ಡಿಗ್ರಿ ದಾಟುತ್ತಿತ್ತು.

ಆ ಬಿಸಿಯಲ್ಲಿ ಮೂವತ್ತು ವರ್ಷ ದುಡಿದ ಹಿರಿಯರೊಬ್ಬರು ಟೀ ಅಂಗಡಿಯಲ್ಲಿ ಸಿಕ್ಕರು. ಗಣಿ ಅಂದದ್ದೇ ತಡ, ಚಮಚದಿಂದ ಕಲ್ಲುಬೆಂಚು ತಟ್ಟಿದರು. "ಕೇಳಿ ಸಾರ್, ಟಣ್ ಅಂದ್ರೆ ಬಂಡೆ ಗಟ್ಟಿ. ಡಬ್ ಅಂದ್ರೆ ಒಳಗೆ ಬಿಟ್ಕೊಂಡಿದೆ, ಈಚೆ ಬಂದ್ಬಿಡ್ಬೇಕು. ಕಿವಿಯೇ ನಮ್ಗೆ ಜೀವ." ಆದರೆ ಒತ್ತಡಕ್ಕೆ ಬಂಡೆಯೇ ಸಿಡಿಯುವ ಏರ್ ಬ್ಲಾಸ್ಟ್ ಯಾವ ಕಿವಿಗೂ ಸುಳಿವು ಕೊಡುತ್ತಿರಲಿಲ್ಲವಂತೆ. ಆಳದಲ್ಲಿ ಹಾಗೆ ಸಿಡಿದರೆ ಮೇಲೆ ಕಾರ್ಮಿಕರ ಲೈನ್ ಮನೆಗಳ ಗೂಡಿನಿಂದ ಪಾತ್ರೆ ಉರುಳುತ್ತಿತ್ತು. ಹೆಂಗಸರು ಅಡುಗೆ ಬಿಟ್ಟು ಶಾಫ್ಟ್ ಕಡೆಗೆ ಓಡುತ್ತಿದ್ದರು. ಹೇಳುತ್ತ ಅವರು ಟೀ ಕುಡಿಯುವುದನ್ನೇ ಮರೆತರು. ಅವರ ಕಿವಿ ಕಲಿತ ಈ ವಿದ್ಯೆ ಇನ್ನು ಯಾರಿಗೂ ಬೇಕಾಗಿಲ್ಲ ಅನ್ನುವುದು ನನಗೆ ಸಂಕಟ ತಂದಿತು.

ಮನೆಗೂ ಕರೆದುಕೊಂಡು ಹೋದರು. ಒಂದು ಕೋಣೆ, ಒಂದು ಅಡುಗೆಮನೆ, ಮೇಲೆ ತಗಡು. ಬಾಗಿಲ ಸಂದಿಗೆ ಒದ್ದೆ ಬಟ್ಟೆ ತುರುಕಿತ್ತು. ಆಷಾಢದ ಗಾಳಿಗೆ ಗುಡ್ಡವೇ ಎದ್ದು ಒಳಗೆ ಬರುತ್ತದೆ, ಅನ್ನದಲ್ಲೂ ಹಲ್ಲಿಗೆ ಕರಕರ ಸಿಗುತ್ತದೆ ಎಂದರು ಮನೆಯಾಕೆ. ಮಗ ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋದರೆ ಮನೆ ಸೇರುವುದು ರಾತ್ರಿಗೇ. "ಮನೆ ನಮ್ಮ ಹೆಸರಿಗೆ ಆಗ್ಲಿ ಅಂತ ಅರ್ಜಿ ಹಾಕಿ ಹಾಕಿ ಕೈ ಸೋತಿದೆ" ಎಂದರು ಹಿರಿಯರು.

ಈಗ ಗುಡ್ಡಗಳಿಗೂ ಬೆಲೆ ಬಂದಿದೆ. ಇಂಥ 13 ಗುಡ್ಡಗಳನ್ನು ಮತ್ತೆ ಸೋಸಿ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ 2024ರಲ್ಲಿ ಒಪ್ಪಿಗೆ ಕೊಟ್ಟಿದೆ. ಖಾಲಿ ಜಮೀನಿನಲ್ಲಿ ಕೈಗಾರಿಕಾ ಟೌನ್‌ಶಿಪ್ ಮಾಡುವ ಮಾತೂ ಇದೆ. ಬರಲಿ. 1964ರಲ್ಲಿ ಬಿಇಎಂಎಲ್ ಕಾರ್ಖಾನೆ ಬಂದು ಈ ಊರಿನ ಎಷ್ಟೋ ಮನೆಗಳ ಒಲೆ ಉರಿಸಿದ್ದನ್ನು ಜನ ಮರೆತಿಲ್ಲ. ಆದರೆ ಗುಡ್ಡ ಅಗೆದರೆ ದೂಳು ಇನ್ನಷ್ಟು ಏಳುತ್ತದೆ. ಅದನ್ನು ಉಸಿರಾಡುವವರು ಈ ಲೈನ್‌ಗಳ ಜನವೇ. ಅಧಿಕಾರಿಗಳು ಮೊದಲ ಯಂತ್ರ ಇಳಿಸುವ ಮುಂಚೆ ಆಷಾಢದಲ್ಲಿ ಒಂದು ದಿನ ಇಲ್ಲಿಗೆ ಬಂದು ಊಟ ಮಾಡಲಿ. ದೂಳಿಗೆ ತಡೆ, ಮನೆಗೆ ಹಕ್ಕುಪತ್ರ, ಇವೆರಡನ್ನೂ ಮೊದಲು ಕೊಡಲಿ.